ರಣವೀಳ್ಯ ಮೆದ್ದ ಗುರುಗಳು

ಪೂಜ್ಯ ಗುರುಶಾಂತ ಯೋಗಿಗಳಿಗೆ ಮಠವಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ಹೊಸಗವಿ ಕೋಟೆಯ ಹೊರಬಾಗಿಲ ಪಕ್ಕ, ದನಗಳು ನೀರು ಕುಡಿಯುವ ತೊಟ್ಟಿಯ ಬಳಿ, ಒಂದು ಚಪ್ಪರದ ಕೆಳಗೆ ಅವರ ವಾಸ. ನೊಗ ಉಜ್ಜಿ ಹೆಗಲು ಹುಣ್ಣಾದ ಎತ್ತುಗಳಿಗೆ ಬೇವಿನೆಣ್ಣೆ ಹಚ್ಚುವುದೇ ಅವರ ನಿತ್ಯಪೂಜೆ. ಅರಮನೆಯಿಂದ ಬಂದವರೂ ಎತ್ತಿನ ಸರದಿ ಮುಗಿಯುವವರೆಗೆ ಕಾಯಬೇಕಿತ್ತು.

ಒಂದು ಮುಂಜಾನೆ ಹಾಗೆ ಕಾದು ನಿಂತವನು ದಳವಾಯಿ ಓಬಣ್ಣ. ಅವನ ಕೈಯ ತಟ್ಟೆಯಲ್ಲಿ ರಣವೀಳ್ಯವಿತ್ತು. ಆ ಸೀಮೆಯಲ್ಲಿ ಈ ವೀಳ್ಯ ಕೊಟ್ಟವನೂ ಎತ್ತಿದವನೂ ಕತ್ತಿ ಹಿಡಿದು ಕಾದಲೇಬೇಕು; ಆ ಕಾಳಗಕ್ಕೆ ಅಂಕವೆಂದು ಹೆಸರು. ಅಪರೂಪಕ್ಕೆ ನಡೆಯುತ್ತಿದ್ದ ಅಂಕವನ್ನು ಸೀಮೆಯ ನಾಯಕರು ಈಗ ಕಾಯಿದೆಯಾಗಿಯೇ ಮಾಡಹೊರಟಿದ್ದರು. ಪಂಚರ ಮಾತಿಗೆ ಬಗ್ಗದ ವ್ಯಾಜ್ಯವನ್ನೆಲ್ಲ ಇನ್ನು ಅಂಕದಲ್ಲೇ ತೀರಿಸುವುದು, ಗೆದ್ದವನ ಮಾತೇ ಸತ್ಯ. ಹಿಂದೆ ಅಂಕ ಗೆದ್ದು ಹೆಸರಾಗಿದ್ದ ಓಬಣ್ಣನೇ ಅದರ ಅಧಿಕಾರಿ. ಗುರುಗಳು ವೀಳ್ಯವನ್ನು ಮುಟ್ಟಿ ಹರಸಿದರೆ ಅಂದೇ ಡಂಗುರ ಹೊಡೆಸುವುದೆಂದು ನಿಶ್ಚಯವಾಗಿತ್ತು.

“ಇದು ಯಾಕಪ್ಪ?” ಎಂದರು ಗುರುಗಳು.

“ನ್ಯಾಯಕ್ಕೆ, ಬುದ್ಧಿ. ಚಾವಡಿ ಹತ್ತಿದ್ರೆ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಸಾಕ್ಷಿ ಸುಳ್ಳು ಹೇಳ್ತಾನೆ, ಪಂಚರು ಲಂಚ ತಿಂತಾರೆ. ಕತ್ತಿ ಲಂಚ ತಿನ್ನಲ್ಲ.”

ಅಂಕದಲ್ಲಿ ಸೋತವನು ಬರೀ ಗಾದೆಯ ಮಾತಿಗೆ ಸಾಯುವುದಿಲ್ಲ, ದಿಟವಾಗಿಯೇ ಸಾಯುತ್ತಾನೆ. ಅದನ್ನು ಓಬಣ್ಣನಿಗಿಂತ ಚೆನ್ನಾಗಿ ಬಲ್ಲವರು ಆ ಕೋಟೆಯಲ್ಲಿರಲಿಲ್ಲ. ಆದರೆ ನಾಲಿಗೆಗೆ ಎಲುಬಿಲ್ಲವಲ್ಲ.

ಗುರುಗಳು ಕೈ ಒರೆಸಿಕೊಂಡರು. ವೀಳ್ಯವನ್ನು ಎತ್ತಿ ಬಾಯಿಗಿಟ್ಟು ನೆಮ್ಮದಿಯಾಗಿ ಮೆಲ್ಲತೊಡಗಿದರು.

ಓಬಣ್ಣ ತಡೆಯಲು ಕೈ ಚಾಚಿದ. “ಬುದ್ಧಿ, ಅದು ತಿನ್ನೋ ಎಲೆ ಅಲ್ಲ. ಎತ್ತಿದವರು ಕಾದಬೇಕು.”

“ಗೊತ್ತು, ಬಾ. ಅಂಕ ಕೂಡದು ಅನ್ನೋದು ನನ್ನ ವಾದ.” ಬೆನ್ನು ನೆಟ್ಟಗೆ ಮಾಡಲಾರದ ಆ ವೃದ್ಧರು ಬರಿಗೈಯಲ್ಲಿ ಎದುರು ಬಂದು ನಿಂತರು.

“ನಾನು ಹೊಡೆದ್ರೆ ನೀವು ಉಳಿಯಲ್ಲ.”

“ಹೌದು, ಗೆಲ್ತೀಯ. ಅಷ್ಟಕ್ಕೇ ನನ್ನ ಮಾತು ಸುಳ್ಳಾಗ್ತದಾ?”

ಓಬಣ್ಣ ತಟ್ಟೆಯನ್ನು ನೆಲಕ್ಕಿಟ್ಟು ಅಲ್ಲೇ ಕುಳಿತ. ಯಾರಿಗೂ ಹೇಳದ್ದನ್ನು ಅಂದು ಹೇಳಿದ. ಅವನಿಗೂ ಅವನ ದಾಯಾದಿ ತಮ್ಮ ಕಾಟಣ್ಣನಿಗೂ ಒಂದು ಹೊಲದ ಗಡಿಯ ಜಗಳವಿತ್ತು. ಹುಣಸೆಮರದ ಕೆಳಗೆ ಗಡಿಕಲ್ಲು ಹೂತಿದೆ, ಅಲ್ಲಿಯವರೆಗಿನ ಹೊಲ ತನ್ನದು ಎಂದು ಕಾಟಣ್ಣ ಬಡಕೊಂಡ. ಅಗೆದು ನೋಡುವುದು ಬಿಟ್ಟು ಇಬ್ಬರೂ ಅಂಕಕ್ಕಿಳಿದರು. ಕಾಟಣ್ಣ ಸತ್ತ, ದೇವರೇ ತೀರ್ಪು ಕೊಟ್ಟನೆಂದು ಜನ ಓಬಣ್ಣನಿಗೆ ಹಾರ ಹಾಕಿದರು. ಮುಂದೊಂದು ವರ್ಷ ಆ ಮರದ ಬುಡದಲ್ಲಿ ಓಬಣ್ಣನ ನೇಗಿಲಿಗೇ ಆ ಕಲ್ಲು ತಾಗಿತು. ಅವನು ಅದರ ಮೇಲೆ ಮತ್ತೆ ಮಣ್ಣೆಳೆದು ಮನೆಗೆ ಬಂದಿದ್ದ.

“ನಂದು ತಪ್ಪಾಯ್ತು, ಬುದ್ಧಿ.”

ಗುರುಗಳ ಕಣ್ಣು ಒದ್ದೆಯಾಯಿತು. ಆದರೆ ಅವರು ಸಮಾಧಾನ ಹೇಳಲಿಲ್ಲ. “ಪಂಚರ ತೀರ್ಪು ತಪ್ಪಿದ್ರೆ ತಿದ್ದಬಹುದು, ಮಗ. ತಿದ್ದಿಸಿಕೊಳ್ಳೋಕೆ ಆಳು ಬದುಕಿರಬೇಕು” ಎಂದಷ್ಟೇ ನುಡಿದು ಮುಂದಿನ ಎತ್ತಿನ ಬಳಿಗೆ ಹೋದರು.

ಓಬಣ್ಣ ನೇರವಾಗಿ ಚಾವಡಿಗೆ ಹೋಗಿ ನಾಯಕರ ಎದುರಿಗೇ, ತುಂಬಿದ ಸಭೆಯಲ್ಲಿ, “ಅಂಕ ಗೆದ್ದವನು ನಾನು, ಹೊಲ ಕಾಟಣ್ಣನದು” ಎಂದ. ಡಂಗುರ ಹೊರಡಲಿಲ್ಲ, ಆ ಕಾಯಿದೆಯ ಮಾತು ಮುಂದೆಂದೂ ಹೊಸಗವಿಯಲ್ಲಿ ಬರಲಿಲ್ಲ.

ಅಂದೇ ಅವನು ಕಾಟಣ್ಣನ ಹೆಂಡತಿ ದ್ಯಾಮವ್ವನನ್ನು ಹೊಲಕ್ಕೆ ಕರೆದೊಯ್ದು, ತನ್ನ ಕೈಯಾರೆ ಮಣ್ಣು ಬಗೆದು ಕಲ್ಲನ್ನು ತೋರಿಸಿದ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಕಲ್ಲಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು.

“ಇದನ್ನ ಅವರಿಗೆ ತೋರಿಸಬೇಕಿತ್ತು, ಭಾವ” ಎಂದಳು.

ಹೊಲ ಆಕೆಗೆ ಸೇರಿತು. ಓಬಣ್ಣ ದಳವಾಯಿಗಿರಿ ಬಿಟ್ಟು ಗುರುಗಳ ಸೇವೆಗೆ ನಿಂತ. ಹಲ್ಲು ಕಡಿಯುತ್ತ ಬಂದ ದಾಯಾದಿಗಳನ್ನು ಎದುರುಬದುರು ಕೂರಿಸಿ ಅವನು ಹೇಳುತ್ತಿದ್ದುದು ಒಂದೇ ಮಾತು: “ಇಬ್ಬರೂ ಇರುವಾಗಲೇ ಮಾತಾಡಿಕೊಳ್ರಪ್ಪ.”