ಹೊರಗಿನ ಡ್ರೈವರ್

ಹನ್ನೊಂದಕ್ಕೆ ವಿಡಿಯೊ ಮೀಟಿಂಗ್ ಇತ್ತು. ಸಾಹೇಬರ ಕೋಣೆಯ ಹೊಸ ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇರಲಿಲ್ಲ. ಕೇಬಲ್ ಚುಚ್ಚಿದರೂ ನೆಟ್ ಬರುತ್ತಿರಲಿಲ್ಲ. ಗುಮಾಸ್ತ ಫಕೀರಪ್ಪ ಡ್ರೈವರ್ ತುಂಬಿಕೊಂಡು ಬಂದ ಪೆನ್‌ಡ್ರೈವ್ ತೆಗೆದ.

"ಹೊರಗಿಂದು ಏನೂ ಹಚ್ಚಂಗಿಲ್ಲ. ಅದರಾಗನ ನೆಟ್‌ನಿಂದ ಇಳಿಸ್ಕೊ, ಇಲ್ಲಾಂದ್ರ ಮೆಮೊ," ಎಂದು ಸಾಹೇಬರು ವರಾಂಡಕ್ಕೆ ಬಂದು ಶತಪಥ ಹಾಕತೊಡಗಿದರು.

ಫಕೀರಪ್ಪ ಹಿಂದೆಯೇ ಹೊರಬಂದು ಬಾಗಿಲು ಎಳೆದ. ಲಾಕ್ ತಾನೇ ಬಿತ್ತು.

"ಲೇ, ಕೀಲಿಕೈ ಒಳಗ ಟೇಬಲ್ ಮ್ಯಾಲೆ ಐತಿ."

"ಒಳಗ ಹೋಗಿ ತಗೊಂಡು ಬಾಗಿಲಾ ತಗೀರಲ್ಲ, ಸಾಹೇಬ್ರ."

"ಬಾಗಿಲಾ ತಗೀಲಾರದ ಒಳಗ ಹೆಂಗ ಹೋಗ್ಲೋ?"

"ನೆಟ್ ಇರಲಾರದ ನೆಟ್‌ನಿಂದ ನಾ ಹೆಂಗ ಇಳಿಸ್ಲಿರಿ?"

ಸಾಹೇಬರು ಗಡಿಯಾರ ನೋಡಿದರು. ಎಂಟೇ ನಿಮಿಷ ಉಳಿದಿತ್ತು. "ಇನ್ನೊಂದು ಕೀಲಿಕೈ ಐತೇನು?"

ಫಕೀರಪ್ಪ ಪೆನ್‌ಡ್ರೈವ್ ನೇತಾಡುವ ಕೀಲಿಕೈ ಗೊಂಚಲನ್ನು ಕಿಸೆಯಿಂದ ಎತ್ತಿ ಹಿಡಿದ.

"ಐತ್ರಿ. ಆದ್ರ ಇದೂ ಹೊರಗಿಂದು. ಹಚ್ಚಲೇನ್ರಿ?"