ಹುಳದ ಮನೆಗೆ ಅಗಳಿ ಹಾಕಿಕೊಂಡ ಜವನಮ್ಮ

ಇದು ಈಗಿನ ಮಾತಲ್ಲ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು. ಅವರು ಹೇಳುವಾಗಲೇ ಹಳೇ ಸುದ್ದಿಯಾಗಿತ್ತಂತೆ. ಹೊಳೆಯ ಈಚೆ ದಡದಲ್ಲಿ, ಗುಡ್ಡದ ಬುಡಕ್ಕೆ, ಹುಣಸೆಪಾಳ್ಯ ಅಂತ ಒಂದು ಊರು. ಆ ಊರಲ್ಲಿ ಯಾವ ಮನೆಗೆ ಹೋದರೂ ರೇಷ್ಮೆ ಹುಳ. ಮನೆ ಅಂದರೆ ಎರಡು ಪಾಲು. ಒಂದು ಪಾಲು ಹುಳಕ್ಕೆ, ಇನ್ನೊಂದು ಜನಕ್ಕೆ. ನಡುವೆ ಒಂದು ಮಣ್ಣಿನ ಗೋಡೆ, ಆ ಗೋಡೆಯಲ್ಲಿ ಒಂದು ಬಾಗಿಲು, ಒಂದು ಪುಟ್ಟ ಕಿಟಕಿ.

ಹುಳದ ಪಾಲು ಹೇಗಿತ್ತು ಅಂತೀರಿ? ದೇವರ ಗುಡಿ ಅದರ ಮುಂದೆ ಏನೂ ಅಲ್ಲ. ದಿನಾ ಬೆಳಗ್ಗೆ ನೆಲ ಸಾರಿಸ್ತಿದ್ದರು. ಹುಳದ ತಟ್ಟೆ ಜೋಡಿಸಿದ ಬಿದಿರಿನ ಅಟ್ಟಣಿಗೆಯ ಕಾಲುಗಳನ್ನ ನೀರು ತುಂಬಿದ ಕಲ್ಲುಬಟ್ಟಲಲ್ಲಿ ನಿಲ್ಲಿಸ್ತಿದ್ದರು, ಇರುವೆ ಹತ್ತಬಾರದು ಅಂತ. ಕಾಲು ತೊಳೆಯದೆ ಯಾರೂ ಒಳಗೆ ಹೋಗೋ ಹಾಗಿಲ್ಲ. ಕೈ ತೊಳೆಯದೆ ಹಿಪ್ಪುನೇರಳೆ ಸೊಪ್ಪು ಮುಟ್ಟೋ ಹಾಗಿಲ್ಲ. ಹೊಗೆಸೊಪ್ಪಿನ ವಾಸನೆ ಕೂಡದು, ಒಗ್ಗರಣೆ ಘಾಟು ಕೂಡದು, ಜೋರು ಮಾತು ಕೂಡದು. ಹುಳ ತಿಂದು ಬಿಟ್ಟ ಕಡ್ಡಿ, ಹಿಕ್ಕೆ ತೆಗೆಯೋದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರಂತೆ. ಹುಳದ ಮೇಲೆ ಬಲೆ ಹಾಸಿ, ಬಲೆಯ ಮೇಲೆ ಹೊಸ ಸೊಪ್ಪು ಉದುರಿಸೋದು. ಸೊಪ್ಪಿನ ಆಸೆಗೆ ಹುಳ ಬಲೆ ಹತ್ತುತ್ತವೆ. ಬಲೆ ಎತ್ತಿ ಬೇರೆ ತಟ್ಟೆಗೆ ಇಟ್ಟರೆ ಕಸವೆಲ್ಲ ಕೆಳಗೇ ಉಳೀತು, ಒಂದೇ ಸಲಕ್ಕೆ ತಿಪ್ಪೆಗೆ.

ಇನ್ನು ಜನದ ಪಾಲು. ಹೇಳೋದಕ್ಕೆ ನನಗೇ ಬೇಜಾರು. ಪಡಸಾಲೆಯಲ್ಲಿ ಆಡು ಕಟ್ಟಿರೋರು. ಸೊಪ್ಪು ಬಿಡಿಸಿದ ಕಡ್ಡಿ ಕೂತಲ್ಲೇ. ಎಲೆಅಡಿಕೆ ಉಗಿದದ್ದು ಗೋಡೆಗೇ. ಉಂಡ ಗಂಗಳ ಉಂಡಲ್ಲೇ ಒಣಗೋದು. ಒದ್ದೆ ಬಟ್ಟೆ, ನೇಗಿಲ ಹಗ್ಗ, ಈರುಳ್ಳಿ ಸಿಪ್ಪೆ, ಎಲ್ಲದರ ಮೇಲೂ ನೊಣ. ಹುಳದ ಮನೆಗೆ ಹೋಗುವಾಗ ಹಿಮ್ಮಡಿ ಉಜ್ಜಿ ಉಜ್ಜಿ ತೊಳೆಯೋ ಗಂಡಸು, ಅದೇ ಸಂಜೆ ಸಗಣಿ ಕಾಲಲ್ಲಿ ಮಕ್ಕಳು ಮಲಗೋ ಚಾಪೆ ತುಳಕೊಂಡು ಹೋಗೋನು. ಏನು ಹೇಳೋಣ ಇಂಥವರಿಗೆ!

ಅಂಥ ಮನೆಗಳಲ್ಲೆಲ್ಲ ದೊಡ್ಡದು ಮರಿಗೌಡನ ಮನೆ. ಆ ಮನೆಗೆ ಹೊಳೆ ಆಚೆಯಿಂದ ಸೊಸೆಯಾಗಿ ಬಂದೋಳು ಜವನಮ್ಮ. ಅವಳ ತವರಲ್ಲಿ ಹುಳ ಇರಲಿಲ್ಲ, ರಾಗಿ ಬೆಳೆಯೋರು. ಗಂಡ ಕರಿಸಿದ್ದ ಒಳ್ಳೆಯವನೇ, ಆದರೆ ಅಂಗಿ ಬಿಚ್ಚಿದರೆ ಅದು ಬಿದ್ದಲ್ಲೇ ಬಿದ್ದಿರಬೇಕು. ಅತ್ತೆ ಕೆಂಪಾಜಮ್ಮ ಸೊಂಟ ನೋವು ಅಂತ ಪೊರಕೆ ಮುಟ್ಟಿ ವರ್ಷಗಳೇ ಆಗಿದ್ದವು. ಜೊತೆಗೆ ಇಬ್ಬರು ಮೈದುನರು. ಅವರ ವಿಚಾರ ಬೇಡವೇ ಬೇಡ.

ಬಂದ ಹೊಸದರಲ್ಲಿ ಜವನಮ್ಮ ಗುಡಿಸಿದಳಂತೆ. ಮುಂದೆ ಅವಳು ಗುಡಿಸ್ತಾ ಹೋದರೆ ಹಿಂದೆ ಮೈದುನ ಕಡಲೆಕಾಯಿ ಸಿಪ್ಪೆ ಉದುರಿಸ್ತಾ ಬರೋನು. ತಿರುಗಿ ಗುಡಿಸಿದಳಂತೆ. ಮಾವ ಉಗಿದ. ಒರೆಸಿದಳಂತೆ. ಆಡು ಹಿಕ್ಕೆ ಹಾಕಿತು. ಒಂದೇ ದಿನಕ್ಕೆ ಏಳು ಪೊರಕೆ ಸವೆಸಿದಳು ಅಂತ ಕೆಲವರು ಹೇಳ್ತಾರೆ. ಏಳು ಸವೆಸೋಕೆ ಅವಳೇನು ರಾಕ್ಷಸಿಯೇ? ನಮ್ಮಜ್ಜಿ ಒಂದು ಅಂತಿದ್ದರು. ಒಂದೇ ಇರಬೇಕು. ದಿನಕ್ಕೆ ಒಂದು ಸವೆದರೆ ಸಾಲದೇ?

ಮೊದಮೊದಲು ಮೆತ್ತಗೆ ಹೇಳಿದಳಂತೆ. ಆಮೇಲೆ ಬಿಗಿಯಾಗಿ ಹೇಳಿದಳಂತೆ. ಆಮೇಲೆ ಕೂಗಿ ಹೇಳಿದಳಂತೆ. "ಆಗಲಿ ಕಣವ್ವ" ಅನ್ನೋರು. ಅಷ್ಟೇ. ಆಗಲಿ ಅಂದ ಬಾಯಲ್ಲೇ ಮತ್ತೆ ಉಗಿಯೋರು.

ಹೀಗಿರುವಾಗ ಜವನಮ್ಮನಿಗೆ ಹೆಣ್ಣು ಮಗು ಹುಟ್ಟಿತು. ತಿಬ್ಬಿ ಅಂತ ಕರೆದರು. ಅಂಬೆಗಾಲಿಡೋ ಹೊತ್ತಿಗೆ ಮಗುವಿನ ಮೈಯೆಲ್ಲ ಕಜ್ಜಿ, ಬೆಳಗ್ಗೆ ಎದ್ದರೆ ಕಣ್ಣು ಅಂಟಿಕೊಂಡಿರೋದು. ತಾಯಿ ಬೇವಿನ ಸೊಪ್ಪು ಅರೆದು ಹಚ್ಚೋಳು, ಬಿಸಿನೀರಲ್ಲಿ ತೊಳೆಯೋಳು. ತೊಳೆದು ಕೆಳಗೆ ಬಿಟ್ಟರೆ ಅದೇ ನೆಲ, ಅದೇ ನೊಣ.

ಒಂದು ಬೆಳೆಯಲ್ಲಿ ಹುಳ ಕೊನೇ ಜ್ವರ ಕಳೆದು ಎದ್ದಿದ್ದವು. ಜ್ವರ ಅಂದರೆ ಹುಳ ತಿನ್ನೋದು ಬಿಟ್ಟು ಪೊರೆ ಕಳಚೋ ಹೊತ್ತು. ಅದು ಕಳೆದ ಮೇಲೆ ಅವಕ್ಕೆ ಎಂಥ ಹಸಿವು ಅಂದರೆ, ಸೊಪ್ಪು ಹಾಕಿದರೆ ಮಳೆ ಹೊಯ್ದ ಹಾಗೆ ಸದ್ದು. ಆವತ್ತು ಬೆಳಗ್ಗೆ ಕರಿಸಿದ್ದ ಕೈ ತೊಳೆಯದೆ ಸೊಪ್ಪಿಗೆ ಕೈ ಹಾಕಿಬಿಟ್ಟ. ಮರಿಗೌಡನಿಗೆ ಮೈ ಉರಿದುಹೋಯ್ತು. ಮಗನನ್ನ ಪಡಸಾಲೆಗೆ ಎಳಕೊಂಡು ಬಂದ.

"ಹುಳ ಅಂದ್ರೆ ಏನು ಅನ್ಕೊಂಡಿದ್ದೀಯೋ? ಎಳೇ ಮಕ್ಕಳಿದ್ದಂಗೆ ಕಣೋ! ಕೊಳೆ ಕೈಲಿ ಮಕ್ಕಳನ್ನ ಮುಟ್ತಾರೇನೋ?"

ಹಾಗೆ ಕೂಗಾಡ್ತಾ ಬಾಯಲ್ಲಿದ್ದ ಹೊಗೆಸೊಪ್ಪಿನ ಉಂಡೆಯನ್ನ ಮೂಲೆಗೆ ಉಗಿದ. ಉಗಿದು ತೋಟಕ್ಕೆ ಹೋದ. ಆ ಮೂಲೆಯಲ್ಲಿ ತಿಬ್ಬಿ ಕೂತಿತ್ತು. ಮಗುವಿಗೆ ಏನು ಗೊತ್ತು? ಎತ್ತಿ ಬಾಯಿಗೆ ಹಾಕ್ಕೊಂಡಿತು.

ಜವನಮ್ಮ ನೀರು ಹೊತ್ತು ಬಂದು ನೋಡ್ತಾಳೆ, ಮಗು ವಾಂತಿ ಮಾಡ್ಕೊಂಡು, ಬಿಳಿಚಿಕೊಂಡು, ಕತ್ತು ವಾಲಿಸಿದೆ. ಬೆರಳು ಹಾಕಿ ಉಳಿದದ್ದನ್ನ ತೆಗೆದಳು. ನೀರು ಕುಡಿಸಿದಳು. ಎದೆಗೆ ಒತ್ತಿಕೊಂಡು ಹಿತ್ತಲೆಲ್ಲ ಓಡಾಡಿದಳು. ಬಿಸಿಲೇರೋ ಹೊತ್ತಿಗೆ ಮಗು ಕಣ್ಣು ಬಿಟ್ಟು ಅತ್ತಿತು. ಅದು ಅಳೋವರೆಗೂ ಜವನಮ್ಮನಿಗೆ ಉಸಿರೇ ಇರಲಿಲ್ಲವಂತೆ.

ಆಮೇಲೆ ಅವಳು ಯಾರನ್ನೂ ಬೈಯಲಿಲ್ಲ. ಇದೊಂದನ್ನ ಎಲ್ಲರೂ ಒಂದೇ ಥರ ಹೇಳ್ತಾರೆ. ಮಗುವಿನ ಮೈ ತೊಳೆದಳು. ತನ್ನ ಕೈಕಾಲು ತೊಳಕೊಂಡಳು. ಒಗೆದ ಸೀರೆ ಉಟ್ಟಳು. ಮಗುವನ್ನ ಎತ್ತಿಕೊಂಡು ಹುಳದ ಮನೆಗೆ ನಡೆದು ಒಳಗಿಂದ ಅಗಳಿ ಹಾಕಿಕೊಂಡಳು.

ಅತ್ತೆ ಕಿಟಕಿಗೆ ಓಡಿ ಬಂದಳು. "ಏನೇ ಇದು ಜವನಿ? ತೆಗೆಯೇ ಬಾಗಿಲ!"

"ತೆಗೆಯಲ್ಲ ಅತ್ತೆ. ಈ ಮನೇಲಿ ಮಕ್ಕಳು ಇರೋ ಅಂಥ ಜಾಗ ಇದೊಂದೇ. ಮಾವನೇ ಹೇಳಿದ್ರಲ್ಲ, ಹುಳ ಮಕ್ಕಳಿದ್ದಂಗೆ ಅಂತ. ನನ್ನ ಮಗೂನೂ ಒಂದು ಹುಳ ಅನ್ಕೊಳ್ಳಿ."

"ಎಲ್ಲೀವರೆಗೂ ಇರ್ತೀಯೇ ಹಿಂಗೆ?"

"ಆ ಕಡೇನೂ ಈ ಕಡೆ ಥರ ಆಗೋವರೆಗೂ."

ಮರಿಗೌಡ ತೋಟದಿಂದ ಬಂದ. ವಿಷಯ ಕೇಳಿ ಕೆಂಡವಾದ. ಬಾಗಿಲು ಒಡೆಯೋದಕ್ಕೆ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಬಾಗಿಲು ಬಡಿದರೆ ಹುಳ ಬೆದರ್ತಾವೆ, ಕೂಗಾಡಿದರೆ ತಿನ್ನೋದು ಬಿಡ್ತಾವೆ ಅಂತ ಊರಿಗೆಲ್ಲ ಹೇಳಿಕೊಟ್ಟವನೇ ಅವನು. ಇನ್ನೇನು ಮಾಡ್ತಾನೆ? ಪಿಸುದನಿಯಲ್ಲೇ ಬೈದನಂತೆ. ಅಷ್ಟು ಸಿಟ್ಟನ್ನ ಅಷ್ಟು ಸಣ್ಣ ದನಿಯಲ್ಲಿ ಊರಲ್ಲಿ ಯಾರೂ ಕೇಳಿರಲಿಲ್ಲವಂತೆ.

ಅವಳು ಹೊರಗೆ ಬರದೆ ಹೇಗಿದ್ದಳು ಅಂತ ಕೇಳಬೇಡಿ. ಹುಳದ ಮನೆಗೆ ಹಿತ್ತಲ ಬಾಗಿಲು ಒಂದಿತ್ತು, ಬೇಕಾದಾಗ ಹೋಗಿ ಬಂದು ಅದಕ್ಕೂ ಅಗಳಿ ಹಾಕೋಳು. ಎಳೆದು ತರೋಣ ಅಂದರೆ ಹುಳಕ್ಕೆ ಸೊಪ್ಪು ಹಾಕೋ ಕೆಲಸ ಪೂರಾ ಅವಳೇ ಮಾಡ್ತಿದ್ದಾಳೆ, ಒಂದು ಹೊತ್ತೂ ತಪ್ಪಿಸ್ತಿಲ್ಲ. ಸೊಪ್ಪನ್ನ ಕಿಟಕಿಯಿಂದ ಕೊಡೋರು, ಮುದ್ದೆಯನ್ನೂ ಕಿಟಕಿಯಿಂದಲೇ ಕೊಡೋರು.

ಎರಡು ದಿನಕ್ಕೆ ತಾನಾಗೇ ಬರ್ತಾಳೆ ಅಂದುಕೊಂಡರು. ಬರಲಿಲ್ಲ. ಜನದ ಪಾಲಲ್ಲಿ ಗುಡಿಸೋರು ಯಾರೂ ಇಲ್ಲದೆ ಕಾಲಿಡೋಕೆ ಜಾಗವಿಲ್ಲದ ಹಾಗಾಯ್ತು. ಕೆಂಪಾಜಮ್ಮ ಮುದ್ದೆ ಕೊಡೋಕೆ ಬಂದಾಗ ಅತ್ತುಬಿಟ್ಟಳಂತೆ.

"ಹೆಂಗೆ ಮಾಡಬೇಕೋ ನಂಗೆ ಗೊತ್ತಾಗಲ್ಲ ಕಣವ್ವ. ಇವರು ಮಾಡೋರಲ್ಲ, ನನಗೆ ಬಗ್ಗೋಕಾಗಲ್ಲ."

"ಗೊತ್ತಿಲ್ವಾ ಅತ್ತೆ?" ಅಂದಳಂತೆ ಜವನಮ್ಮ. "ಈ ಕಡೆ ಮಾಡೋದೆಲ್ಲ ಯಾರು, ನೀವೇ ಅಲ್ವಾ? ಬಾಗಿಲಲ್ಲಿ ನೀರು ಇಡಿ, ಕಾಲು ತೊಳೆದು ಬರಲಿ. ಸೊಪ್ಪು ಬಿಡಿಸೋ ಮೊದಲು ಗೋಣಿತಾಟು ಹಾಸಿ. ಕೆಲಸ ಆದಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ, ತಿಪ್ಪೇಲಿ ಕೊಡವಿ, ಬಲೆ ಎತ್ತಿದಂಗೆ. ಆಗ ಗುಡಿಸೋಕೆ ಏನು ಉಳೀತು? ಉಗಿಯೋರಿಗೆ ಒಂದು ಒಡಕು ಮಡಕೇಲಿ ಬೂದಿ ಹಾಕಿ ಕೊಡಿ. ಊಟ ಆದ ತಕ್ಷಣ ಗಂಗಳಕ್ಕೆ ನೀರು ಬಿಡಿ, ಒಣಗಿದ ಮೇಲೆ ಉಜ್ಜೋಕೆ ಯಾರಿಂದಾಗುತ್ತೆ? ಯಾರು ಎದ್ದರೂ ಬರಿಗೈಲಿ ಏಳಬಾರದು. ಹೊರಗೆ ಹೋಗೋನು ಹೊರಗೆ ಹೋಗೋದನ್ನ ಒಂದು ತಗೊಂಡು ಹೋಗಲಿ. ಆಡನ್ನ ಕೊಟ್ಟಿಗೇಲಿ ಕಟ್ಟಿ. ಆಡಿಗೂ ಅದೇ ಇಷ್ಟ!"

ಮೈದುನರು ನಗ್ತಾ ನಗ್ತಾ ಪೊರಕೆ ಹಿಡಿದರಂತೆ. ಜವನಮ್ಮ ಕಿಟಕಿಯಿಂದ ನೋಡ್ತಿದ್ದಾಳೆ. ಒಬ್ಬ ಬಾಗಿಲಿಂದ ಒಳಕ್ಕೆ ಗುಡಿಸ್ತಿದ್ದಾನೆ. ಇನ್ನೊಬ್ಬ ಒಣ ನೆಲದಲ್ಲಿ ಧೂಳೆಬ್ಬಿಸಿ ಮನೆಯೆಲ್ಲ ಮಂಜು ಮಾಡಿದ್ದಾನೆ.

"ಅಯ್ಯೋ, ಒಳಕ್ಕೆ ಗುಡಿಸ್ತಾರೇನಪ್ಪ ಯಾರಾದ್ರೂ! ಒಳಗಿಂದ ಹೊರಕ್ಕೆ! ಮೊದಲು ನೀರು ಚಿಮುಕಿಸು, ಧೂಳು ಕೂರಲಿ, ಆಮೇಲೆ ಗುಡಿಸು! ಕಸ ಎಲ್ಲಿಗೆ ತಳ್ತಿದ್ದೀಯ? ಚಾಪೆ ಕೆಳಗಾ? ನಾನು ನೋಡ್ತಿದ್ದೀನಿ!"

ಹೀಗೆ ಪಿಸುದನಿಯಲ್ಲೇ ಕಿರುಚಿ ಕಿರುಚಿ ಅವಳ ಗಂಟಲು ಕಟ್ಟಿತಂತೆ. ಊರವರು ಕಾಲು ತೊಳಕೊಂಡು ಬಂದು, ಹಿತ್ತಲಲ್ಲಿ ಸದ್ದಿಲ್ಲದೆ ನಿಂತು ನೋಡಿ ಹೋಗೋರಂತೆ.

ಕರಿಸಿದ್ದ ಅಂಗಿಯನ್ನ ಗೂಟಕ್ಕೆ ಹಾಕೋದು ಕಲಿತ. ಬಗ್ಗದೇ ಇದ್ದವನು ಮರಿಗೌಡ ಒಬ್ಬನೇ. ಬೂದಿ ಮಡಕೆ ಪಕ್ಕದಲ್ಲಿದ್ದರೂ ಗೋಡೆಗೇ ಉಗಿಯೋನು. ಹುಳ ಹಣ್ಣಾಗಲಿ, ಆಗ ನೋಡ್ತೀನಿ ಅಂತಿದ್ದ. ಹಣ್ಣಾಗೋದು ಅಂದರೆ ಹುಳ ತಿನ್ನೋದು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟೋಕೆ ತಲೆ ಎತ್ತೋದು. ಆ ಹೊತ್ತಲ್ಲಿ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ಬಿದಿರಿನ ತಟ್ಟಿಗೆ, ಬಿಡಬೇಕು. ಮನೆಮಂದಿಯೆಲ್ಲ ಸೇರಿದರೂ ಕೈ ಸಾಲದು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಬೆಳೆ ಹಾಳು.

ಹಣ್ಣಾದವು. ಒಂದು ಬೆಳಗ್ಗೆ ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿಕೊಂಡು ನಿಂತವು.

ಜವನಮ್ಮ ಬಾಗಿಲು ತೆಗೆಯಲಿಲ್ಲ. ಒಬ್ಬಳೇ ಆರಿಸೋಕೆ ಶುರು ಮಾಡಿದಳು. ಒಳಗಿದ್ದ ಹಳೇ ಚಂದ್ರಿಕೆ ಒಂದೆರಡು ತುಂಬಿದವು. ಬೆರಳು ಓಡಿದಷ್ಟೂ ಹುಳ. ಕೆಲವು ಆಗಲೇ ತಟ್ಟೆಯ ಮೂಲೆಯಲ್ಲಿ ನೂಲು ಬಿಡ್ತಿದ್ದವು. ಅದನ್ನ ನೋಡಿ ಅವಳಿಗೆ ಅಳು ಬಂತಂತೆ. ಹುಳವೇನು ತಪ್ಪು ಮಾಡಿದ್ದವು? ಇಷ್ಟು ದಿನ ತಾನೇ ಉಣ್ಣಿಸಿದ ಹುಳ. ಒಂದು ಸಲ ಅಗಳಿಗೆ ಕೈ ಹಾಕಿದಳು ಅಂತಾರೆ. ಮಗುವಿನ ಕಡೆ ನೋಡಿದಳು. ಕೈ ತೆಗೆದಳು.

ಮರಿಗೌಡ ಕಿಟಕಿಗೆ ಬಂದ. ಬೈಯೋಕೇ ಬಂದದ್ದು. ಕಿಟಕಿಯಲ್ಲಿ ಇಣುಕಿದರೆ ಎದುರಿಗೇ ತಿಬ್ಬಿ, ಸಾರಿಸಿದ ನೆಲದ ಮೇಲೆ ಬಿಳೀ ಪಂಚೆಯ ತುಂಡು ಹಾಸಿಕೊಂಡು ಮಲಗಿದೆ. ಕಜ್ಜಿ ಒಣಗಿ ಹಕ್ಕಳೆ ಉದುರಿದೆ. ಕಣ್ಣಂಚು ತಿಳಿಯಾಗಿದೆ. ಮುಖದ ಮೇಲೆ ಒಂದು ನೊಣ ಇಲ್ಲ. ಮೊಮ್ಮಗಳ ಮುಖದ ಬಣ್ಣ ಇಂಥದ್ದು ಅಂತ ಅವನು ನೋಡಿದ್ದೇ ಆವತ್ತಂತೆ.

ಬಾಯಲ್ಲಿ ಹೊಗೆಸೊಪ್ಪಿತ್ತು. ಅತ್ತ ಇತ್ತ ನೋಡಿದ. ತಿಪ್ಪೆಯವರೆಗೂ ನಡಕೊಂಡು ಹೋಗಿ ಉಗಿದು ಬಂದ. ಬಂದವನು ಪಂಚೆ ಎತ್ತಿ ಕಟ್ಟಿ, ಗೋಡೆ ತೊಳೆಯೋಕೆ ಕೂತ. ಆ ಕಲೆ ಎಷ್ಟು ವರ್ಷದ್ದೋ, ತೆಂಗಿನ ನಾರು ಹಾಕಿ ಉಜ್ಜಿದರೂ ಬಿಡಲೊಲ್ಲದು. ಅದರ ಮೇಲೆ ಸುಣ್ಣ ಬಳಿದ. ಮೂಲೆ ಕೆರೆದ. ನೆಲ ಸಾರಿಸಿದ. ಮಕ್ಕಳು ಸಹಾಯಕ್ಕೆ ಬಂದರೆ ಗದರಿ ಕಳಿಸಿದ.

ಆಮೇಲೆ ಕೈಕಾಲು ತೊಳಕೊಂಡು ಬಾಗಿಲ ಮುಂದೆ ನಿಂತು, "ಬಾರವ್ವ, ನೋಡು ಬಾ" ಅಂದ.

ಅಗಳಿ ತೆಗೆದ ಸದ್ದಾಯ್ತು. ಜವನಮ್ಮ ಬಂದಳು. ಸುತ್ತ ನೋಡಿದಳು. ಚಾಪೆ ಎತ್ತಿ ಕೆಳಗೆ ನೋಡಿದಳು. ಮನೆಮಂದಿಯೆಲ್ಲ ನಿಂತು ನೋಡ್ತಿದ್ದರು.

"ಪರವಾಗಿಲ್ಲ. ಇನ್ನೂ ನಿಂತಿದ್ದೀರಲ್ಲ! ಕೈ ತೊಳಕೊಂಡು ಬನ್ನಿ, ಹುಳ ಕಾಯ್ತಾವಾ?"

ಎಲ್ಲರೂ ಬಿದ್ದು ಓಡಿದರಂತೆ. ಆ ಬೆಳೆಯ ಗೂಡು ನಿಂಬೆಹಣ್ಣಿನ ಗಾತ್ರ ಬಂದಿತ್ತು ಅಂತ ಹೇಳೋರಿದ್ದಾರೆ. ಸುಳ್ಳು. ಒಂದಷ್ಟು ಹುಳ ಕಸದಲ್ಲೇ ಕಟ್ಟಿ ಹಾಳಾದವು, ಮಿಕ್ಕಿದ್ದು ಚೆನ್ನಾಗಿತ್ತು. ಹಾಳಾದದ್ದನ್ನ ಮರಿಗೌಡ ಸಾಯೋವರೆಗೂ ಎತ್ತಿ ಆಡ್ತಿದ್ದ. ಆಡ್ತಾ ಆಡ್ತಾನೇ ತಿಪ್ಪೆಗೆ ನಡೀತಿದ್ದ.

ಅಲ್ಲಿಗೆ ಎಲ್ಲ ಸರಿಹೋಯ್ತು ಅಂದುಕೊಂಡಿರಾ? ಒಂದು ಸಲ ಹೇಳಿದರೆ ಮನೆ ಚೊಕ್ಕಟ ಇರೋ ಹಾಗಿದ್ದರೆ ನನಗೆ ಈ ಗಂಟಲು ಯಾಕೆ ಬೇಕಿತ್ತು? ಜವನಮ್ಮ ಮುದುಕಿಯಾಗೋವರೆಗೂ ದಿನಾ ಹೇಳಿದಳಂತೆ. ಅದೇ ಮಾತು, ಅದೇ ಗೋಣಿತಾಟು, ಅದೇ ಬೂದಿ ಮಡಕೆ. ಬೇರೆ ಮನೆಯ ಹೆಂಗಸರು ಮಾತು ನಡೆಯದೇ ಇದ್ದಾಗ, "ಜವನಮ್ಮನ ಹಂಗೆ ಒಳಗೆ ಹೋಗಿ ಕೂತ್ಕೋತೀನಿ ನೋಡಿ" ಅಂತ ಹೆದರಿಸೋರಂತೆ. ಅವಳು ಸತ್ತ ದಿನ ನೋಡೋಕೆ ಬಂದ ಜನ ಸೀದಾ ಒಳಗೆ ನುಗ್ಗಿದಾಗ, ಹೆಣ ಕಣ್ಣು ಬಿಟ್ಟು "ಕಾಲು ತೊಳೆದ್ರಾ?" ಅಂತ ಕೇಳಿತು ಅಂತಾರೆ. ನಾನು ನಂಬಲ್ಲ. ನಮ್ಮಜ್ಜಿಯ ಅಜ್ಜಿ ಅಲ್ಲೇ ಇದ್ದರಂತೆ. ಅವರೂ ನಂಬಲಿಲ್ಲವಂತೆ, ಆದರೆ ಆಚೆ ಹೋಗಿ ಕಾಲು ತೊಳಕೊಂಡು ಬಂದರಂತೆ.

ಈಗಲೂ ಹುಣಸೆಪಾಳ್ಯದ ಕಡೆ ಬಾಣಂತಿ ಮಗುವನ್ನ ಎತ್ತಿಕೊಂಡು ಮನೆಗೆ ಬಂದರೆ, ಮೊದಲು ಮನೆಯ ಹಿರೀ ಗಂಡಸು ಪೊರಕೆ ಹಿಡೀಬೇಕು. ಗುಡಿಸಿ, ಸಾರಿಸಿ, "ಜವನಮ್ಮ, ನೋಡವ್ವ" ಅಂತ ಕರೆದು ಹೊರಗೆ ಬರಬೇಕು. ಅಲ್ಲೀವರೆಗೂ ಮಗುವನ್ನ ಯಾರೂ ಒಳಗೆ ತರೋ ಹಾಗಿಲ್ಲ. ಹೆಂಗಸರು ಜಗಲಿ ಮೇಲೆ ಕೂತು ನೋಡ್ತಾರೆ, ಕೈ ಹಾಕಲ್ಲ. ನಿಮ್ಮಪ್ಪ ಹುಟ್ಟಿ ಮನೆಗೆ ಬಂದಾಗ ನಮ್ಮ ಮಾವನೂ ಗುಡಿಸಿದರು. ಗುಡಿಸಿ, ಕರೆದು, ಆಯ್ತು ಅಂತ ಹೊರಗೆ ಬಂದರು. ನಾನು ಹೊಸ್ತಿಲಲ್ಲಿ ನಿಂತು ಇಣುಕಿದೆ. ಬಾಗಿಲ ಹಿಂದೆ ಕಸ ಹಾಗೇ ಬಿಟ್ಟಿದ್ದರು. ಹಸೀ ಬಾಣಂತಿ, ಆದರೂ ಕದಲಲಿಲ್ಲ. "ಬಾಗಿಲ ಹಿಂದೆ ಯಾರು ಗುಡಿಸ್ತಾರೆ ಮಾವ?" ಅಂದೆ. ಅವರು ಮುಖ ಗಂಟು ಹಾಕ್ಕೊಂಡು ಮತ್ತೆ ಪೊರಕೆ ತಗೊಂಡು ಒಳಗೆ ಹೋದರು. ಅವರು ಹೊರಗೆ ಬಂದ ಮೇಲೇ ನಾನು ನಿಮ್ಮಪ್ಪನನ್ನ ಎತ್ತಿಕೊಂಡು ಒಳಗೆ ಕಾಲಿಟ್ಟಿದ್ದು.