ತೋರಿಹಾಳದ ಉಡಿಬುಗ್ಗೆ

ತೋರಿಹಾಳದ ಹಿಂಬದಿಯಲ್ಲಿ, ಪದರಪದರವಾದ ಹಾಸುಗಲ್ಲಿನ ಬುಡದಿಂದ ಇಂದಿಗೂ ತಣ್ಣನೆಯ ನೀರು ಉಕ್ಕುತ್ತದೆ. ಊರಲ್ಲಿ ಹನಿ ಮಳೆ ಬೀಳದ ದಿನವೂ ಅದು ಒಮ್ಮೊಮ್ಮೆ ಕೆಂಪಗಾಗುವುದುಂಟು. ಅದನ್ನು ಉಡಿಬುಗ್ಗೆ ಎನ್ನುತ್ತಾರೆ. ಆ ಹೆಸರು ಬಂದದ್ದು ಸಾತವ್ವನೆಂಬ ಹೆಣ್ಣುಮಗಳಿಂದ.

ಹಿಂದೆ ಒಮ್ಮೆ, ಗಾಡಿದಾರಿಯೂ ಇಲ್ಲದ ಕಾಲದಲ್ಲಿ, ತೋರಿಹಾಳದ ಸಾತವ್ವನನ್ನು ಗುಡ್ಡದ ಮೇಲಿನ ಬಂಡೆಹಾಳಕ್ಕೆ ಕೊಟ್ಟಿದ್ದರು. ಅಲ್ಲಿಯ ಹಳ್ಳ ಕುಣಿಯುತ್ತ ಬಂದು, ಊರ ಮುಂದಿನ ಸುಣ್ಣಗಲ್ಲಿನ ಬಿಲದೊಳಗೆ ಗಟಗಟನೆ ಇಳಿದು ಮಾಯವಾಗುತ್ತಿತ್ತು. ಸಾತವ್ವನ ಮಾವ ದುಂಡಪ್ಪಗೌಡ, "ಈ ಬಿಲ ನಮ್ಮ ನೀರೆಲ್ಲಾ ನುಂಗತದ, ಯಾರ ಬಾಯಿಗೂ ಹಾಕಂಗಿಲ್ಲ" ಎಂದು, ಅದನ್ನು ಮುಚ್ಚಲು ದೊಡ್ಡದೊಂದು ಹಾಸುಗಲ್ಲು ಎಳೆಸಿದ. ಗುಡ್ಡದ ಮೇಲೆ ಮಳೆಯಾದರೆ ತವರಿನ ಬುಗ್ಗೆ ಕೆಂಪಾಗುವುದನ್ನು ಸಾತವ್ವ ಕೊಡ ಹೊರುವ ವಯಸ್ಸಿನಿಂದ ಕಂಡಿದ್ದಳು. ತವರೂರಿಗೆ ಬೇರೆ ನೀರೇ ಇರಲಿಲ್ಲ.

"ಮಾವ, ಇದು ನುಂಗೂ ಬಿಲ ಅಲ್ರಿ. ನೀರು ಒಳಗೇ ನಡದು ನಮ್ಮೂರಾಗ ಏಳತದ."

ಗೌಡ ನಕ್ಕ. "ಹೆಣ್ಣುಮಕ್ಕಳಿಗೆ ಎಲ್ಲಾ ನೀರೂ ತವರಿಗೇ ಹರದಂಗ ಕಾಣತದವ್ವ. ಮೂರು ದಿನದಾಗ ತೋರಸು. ಇಲ್ಲಂದ್ರ ಕಲ್ಲು ಕೂಡತದ."

ತೋರಿಸುವುದಾದರೂ ಹೇಗೆ? ತವರಿನಿಂದ ಬರುವಾಗ ತಾಯಿ ಹಂಪವ್ವ ತುಂಬಿದ ಉಡಿ ಇನ್ನೂ ಗಂಟಿನಲ್ಲೇ ಇತ್ತು: ಅಕ್ಕಿ, ಅರಿಸಿನ ಬೇರು, ತಾಯಿ ತನ್ನ ಕೈಯಾರೆ ಹಸಿರು ದಾರ ಪೋಣಿಸಿದ ಕೊಬ್ಬರಿ ಬಟ್ಟಲು. ಸಾತವ್ವ ಅದನ್ನೇ ಬಿಲಕ್ಕೆ ಸುರಿದಳು. ತುಂಬಿದ ಉಡಿ ತವರಿಗೆ ಮರಳಿದರೆ ಮಗಳು ಬದುಕಿಲ್ಲ ಎಂಬುದು ಆ ಸೀಮೆಯ ನಂಬಿಕೆ. ಅವಸರದಲ್ಲಿ ಪಾಪ, ಆಕೆಗೆ ಅದು ಹೊಳೆಯಲಿಲ್ಲ. ಒಂದು ದಿನ ಹೋಯಿತು, ಎರಡು ಹೋದವು. ಮೂರನೆಯ ಮಧ್ಯಾಹ್ನ ಆಳುಗಳು ಕಲ್ಲಿಗೆ ಹಾರೆ ಕೊಟ್ಟು ಎತ್ತಿ ನಿಲ್ಲಿಸುವಷ್ಟರಲ್ಲಿ ಹಂಪವ್ವ ಬರಿಗಾಲಲ್ಲಿ, ಎದೆ ಬಡಿದುಕೊಳ್ಳುತ್ತ ಗುಡ್ಡ ಏರಿ ಬಂದಳು. ಕೈಯಲ್ಲಿ ನೆನೆದ ಕೊಬ್ಬರಿ ಬಟ್ಟಲು, ಅದೇ ಹಸಿರು ದಾರ. "ಗೌಡ್ರ, ನನ್ನ ಮಗಳ ಹೆಣ ಎಲ್ಲಿಟ್ಟೀರಿ?"

"ಯವ್ವಾ" ಎಂದು ಸಾತವ್ವ ಓಡಿಬಂದಾಗ ತಾಯಿ ಮೊದಲು ಮುಟ್ಟಿ ನೋಡಿದಳು, ಆಮೇಲೆ ಬೆನ್ನಿಗೊಂದು ಗುದ್ದು ಕೊಟ್ಟಳು, ಆಮೇಲೆ ತಬ್ಬಿಕೊಂಡಳು. ಗೌಡ ಬಟ್ಟಲನ್ನು ತಿರುವಿ ತಿರುವಿ ನೋಡಿದ. "ಹಾರೆ ತೆಗೀರಿ," ಎಂದ. "ಬೀಗತಿಗೆ ಮೊದಲ ನೀರು ಕೊಡ್ರಿ."

ಆ ಕಲ್ಲು ಇಂದಿಗೂ ಬಿಲದ ಪಕ್ಕ ಓರೆಯಾಗಿ ನಿಂತಿದೆ. ಕುರಿಯವರು ಅದರ ನೆರಳಲ್ಲಿ ರೊಟ್ಟಿ ಬಿಚ್ಚುತ್ತಾರೆ. ಪ್ರತಿ ಮಳೆಗಾಲ ಹಳ್ಳ ತುಂಬಿದಾಗ ಬಂಡೆಹಾಳದ ಸೊಸೆಯಂದಿರು ಬಿಲಕ್ಕೆ ಉಡಿ ತುಂಬುತ್ತಾರೆ. ಈಗ ಮಗಳ ಸುದ್ದಿ ತಿಳಿಯಲು ಬೇರೆ ದಾರಿಗಳಿವೆ. ಆದರೂ ಮೂರನೆಯ ದಿನ ಕೆಳಗೆ ಬುಗ್ಗೆಯ ಬಾಯಲ್ಲಿ ತಾಯಂದಿರು ಸೆರಗೊಡ್ಡಿ ಕೂತಿರುವುದನ್ನು ಹೋದವರು ನೋಡಬಹುದು. ಬಟ್ಟಲೊಂದು ತೇಲಿ ಬಂದರೆ ಎತ್ತಿ ಕಣ್ಣಿಗೊತ್ತಿಕೊಂಡು, ಗುಡ್ಡದ ಕಡೆ ಮುಖ ಮಾಡಿ, "ಆರಾಮ ಅದಾಳ" ಎನ್ನುತ್ತಾರೆ.